ಎಷ್ಟು ಎಪಿ ತೆಗೆದುಕೊಳ್ಳಬೇಕು? ಕಾಲೇಜು ನೋಡುವುದು ಕೋರ್ಸನ್ನೋ ಅಂಕವನ್ನೋ?

ತುಂಗಾತೀರ
ಅಮೆರಿಕದ ಹೈಸ್ಕೂಲುಗಳಲ್ಲಿ ಫೆಬ್ರವರಿ ಆಸುಪಾಸಿಗೆ ಮುಂದಿನ ವರ್ಷದ ಕೋರ್ಸ್ ಆಯ್ಕೆಯ ಫಾರಂ ಮನೆಗೆ ಬರುತ್ತದೆ. ಅಲ್ಲಿಂದ ಕನ್ನಡ ಕೂಟದ ವಾಟ್ಸ್ಯಾಪ್ ಗುಂಪುಗಳಲ್ಲಿ ಬೇರೆ ಮಾತೇ ಇಲ್ಲ. ಒಬ್ಬರು ಹತ್ತು ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಇಲ್ಲದಿದ್ದರೆ ಒಳ್ಳೆಯ ಕಾಲೇಜು ಸಿಗುವುದಿಲ್ಲ ಎಂದರೆ, ಇನ್ನೊಬ್ಬರು ಎಪಿ ಬೇಡ, ಕಮ್ಯುನಿಟಿ ಕಾಲೇಜಿನ (ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು) ಕ್ಲಾಸು ತೆಗೆದುಕೊಳ್ಳಿ ಎನ್ನುತ್ತಾರೆ. ಮೂರನೆಯವರು ಕ್ರೆಡಿಟ್ (ಡಿಗ್ರಿಗೆ ಎಣಿಸುವ ಕೋರ್ಸ್ ಯೂನಿಟ್) ಸೇರಿಸಿಟ್ಟರೆ ಮೂರೇ ವರ್ಷಕ್ಕೆ ಡಿಗ್ರಿ, ಒಂದು ವರ್ಷದ ಫೀಸು ಉಳಿತಾಯ ಎನ್ನುತ್ತಾರೆ. ಹತ್ತನೇ ತರಗತಿ ಮುಗಿಸುತ್ತಿರುವ, ಎಂಜಿನಿಯರಿಂಗ್ ಕಡೆ ಒಲವಿರುವ ಮಕ್ಕಳಿಗೆ ಈ ಮೂರರಲ್ಲಿ ಯಾವುದು ಎಷ್ಟು ನಿಜ? ಗೊತ್ತಿದ್ದವರು ಲೆಕ್ಕ ಸಮೇತ ಬರೆಯಿರಿ. "ನಮ್ಮ ಪಕ್ಕದ ಮನೆ ಹುಡುಗ" ಕಥೆಗಳು ದಯವಿಟ್ಟು ಬೇಡ.

ಹಾಳೆಪುಸ್ತಕ
ಮೊದಲು ಒಂದು ಗಂಟು ಬಿಚ್ಚಬೇಕು. ಎಪಿ ಎಂಬ ಒಂದೇ ಹೆಸರಿನಲ್ಲಿ ಎರಡು ಸಂಗತಿಗಳಿವೆ. ಒಂದು ಶಾಲೆಯಲ್ಲಿ ವರ್ಷವಿಡೀ ನಡೆಯುವ ಕೋರ್ಸು, ಅದರ ಗ್ರೇಡು ಕೊಡುವವರು ಶಾಲೆಯ ಮೇಷ್ಟ್ರು. ಇನ್ನೊಂದು ಮೇ ತಿಂಗಳ ಮೊದಲ ಎರಡು ವಾರಗಳಲ್ಲಿ ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆ. ಅದಕ್ಕೆ 1ರಿಂದ 5ರವರೆಗೆ ಅಂಕ, ಫಲಿತಾಂಶ ಜುಲೈಯಲ್ಲಿ. ಪ್ರವೇಶ ಕೊಡುವ ಕಚೇರಿ ಮುಖ್ಯವಾಗಿ ನೋಡುವುದು ಮೊದಲನೆಯದನ್ನು. ಕ್ರೆಡಿಟ್ ಬರೆದುಕೊಳ್ಳುವ ರಿಜಿಸ್ಟ್ರಾರ್ ನೋಡುವುದು ಎರಡನೆಯದನ್ನು ಮಾತ್ರ. ಕ್ಲಾಸಿನಲ್ಲಿ ಎ ಬಂದು ಪರೀಕ್ಷೆಗೆ ಕೂರದಿದ್ದರೆ ಕ್ರೆಡಿಟ್ ಸೊನ್ನೆ. ಕ್ಲಾಸಿಗೆ ಸೇರದೆ ಮನೆಯಲ್ಲೇ ಓದಿ 5 ತಂದರೆ ಕ್ರೆಡಿಟ್ ಸಿಗುತ್ತದೆ, ಆದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಶಾಲೆಯ ಗ್ರೇಡು ದಾಖಲೆಯಲ್ಲಿ) ಆ ಕೋರ್ಸೇ ಇರುವುದಿಲ್ಲ.

ಕ್ಯಾಲೆಂಡರ್ ನೋಡಿದರೆ ಇದು ಇನ್ನೂ ಸ್ಪಷ್ಟ. ಅರ್ಜಿ ಹೋಗುವುದು ಹನ್ನೆರಡನೇ ತರಗತಿಯ ನವೆಂಬರ್‌ನಿಂದ ಜನವರಿಯೊಳಗೆ. ಸೀಟು ಖಚಿತಪಡಿಸಿ ಠೇವಣಿ ಕಟ್ಟುವ ಸಾಮಾನ್ಯ ಗಡುವು ಮೇ 1. ಹನ್ನೆರಡನೇ ತರಗತಿಯ ಎಪಿ ಪರೀಕ್ಷೆ ಶುರುವಾಗುವುದೇ ಅದಾದ ಮೇಲೆ. ಅಂದರೆ ಪ್ರವೇಶಕ್ಕೆ ಕೈಗೆ ಬರುವುದು ಹನ್ನೊಂದರವರೆಗಿನ ಅಂಕಗಳು, ಹನ್ನೆರಡರ ಕೋರ್ಸ್ ಪಟ್ಟಿ ಮತ್ತು ಅರ್ಧವಾರ್ಷಿಕ ಗ್ರೇಡು. ಹನ್ನೆರಡರ ಮೇ ಪರೀಕ್ಷೆಯಿಂದ ಸಿಗುವುದು ಕ್ರೆಡಿಟ್ ಮಾತ್ರ.

"ಎಷ್ಟು ಎಪಿ" ಎಂಬ ಪ್ರಶ್ನೆಗೆ ಒಂದೇ ಸಂಖ್ಯೆ ಯಾಕಿಲ್ಲ ಅಂದರೆ, ಅರ್ಜಿಯ ಜೊತೆ ಶಾಲೆಯ ಕೌನ್ಸೆಲರ್ ಎರಡು ಕಾಗದ ಕಳಿಸುತ್ತಾರೆ. ಒಂದು ಸ್ಕೂಲ್ ಪ್ರೊಫೈಲ್: ಈ ಶಾಲೆಯಲ್ಲಿ ಎಷ್ಟು ಎಪಿ ಇವೆ, ಯಾವ ತರಗತಿಯಿಂದ ತೆಗೆದುಕೊಳ್ಳಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಇನ್ನೊಂದು, ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ತಾಣವಾದ ಕಾಮನ್ ಆ್ಯಪ್‌ನ ಸ್ಕೂಲ್ ರಿಪೋರ್ಟ್. ಶಾಲೆಯಲ್ಲಿ ಲಭ್ಯವಿದ್ದ ಕೋರ್ಸುಗಳಿಗೆ ಹೋಲಿಸಿದರೆ ಈ ವಿದ್ಯಾರ್ಥಿ ಆರಿಸಿಕೊಂಡದ್ದು ಎಷ್ಟು ಕಠಿಣ ಎಂದು ಅದರಲ್ಲಿ ಐದು ಮೆಟ್ಟಿಲುಗಳ ಪೈಕಿ ಒಂದಕ್ಕೆ ಗುರುತು ಹಾಕಬೇಕು. 5 ಎಪಿ ಇರುವ ಶಾಲೆಯಲ್ಲಿ 4 ತೆಗೆದುಕೊಂಡವನಿಗೆ ತುತ್ತತುದಿಯ ಗುರುತು ಸಿಗಬಹುದು. 25 ಇರುವ ಶಾಲೆಯಲ್ಲಿ ಅದೇ 4ಕ್ಕೆ ಸಿಗಲಾರದು. ಆದ್ದರಿಂದ ಕೌನ್ಸೆಲರ್ ಬಳಿ ಕೇಳಬೇಕಾದ್ದು "ಎಷ್ಟು ಸಾಕು" ಎಂದಲ್ಲ, "ನೀವು ಆ ಮೇಲಿನ ಗುರುತು ಹಾಕಲು ಏನೇನು ನೋಡುತ್ತೀರಿ" ಎಂದು. ಬಹಳ ಶಾಲೆಗಳಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇರುತ್ತದೆ, ಕೇಳಿದರೆ ಹೇಳುತ್ತಾರೆ.

ವಾಷಿಂಗ್ಟನ್ ಡಿಸಿ ಸುತ್ತಲಿನ ಎಂಟು ಹೆಸರಾಂತ ಖಾಸಗಿ ಶಾಲೆಗಳು 2022ರೊಳಗೆ ಎಪಿ ಕೋರ್ಸುಗಳನ್ನೇ ನಿಲ್ಲಿಸುವುದಾಗಿ 2018ರಲ್ಲಿ ಸಾರಿದ್ದವು. ಆಮೇಲೂ ಅಲ್ಲಿನ ಮಕ್ಕಳಿಗೆ ಕಾಲೇಜುಗಳ ಬಾಗಿಲು ಮುಚ್ಚಿಲ್ಲ. ತೂಗುವ ತಕ್ಕಡಿ ಆಯಾ ಶಾಲೆಯದ್ದು.

ಎರಡನೇ ಡಿಕಾಕ್ಷನ್
ಹಾಳೆಪುಸ್ತಕ ಅವರು ಹೇಳಿದ್ದು ಖಾಸಗಿ ಕಾಲೇಜುಗಳಿಗೆ ಪೂರ್ತಿ ಒಪ್ಪುತ್ತದೆ. ಆದರೆ ಕ್ಯಾಲಿಫೋರ್ನಿಯಾದ ಯುಸಿಗಳಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು) ಒಂದು ಗಟ್ಟಿ ಲೆಕ್ಕವೂ ಇದೆ. ಯುಸಿ ಜಿಪಿಎಗೆ (ಗ್ರೇಡುಗಳ ಸರಾಸರಿ, ಎಗೆ 4, ಬಿಗೆ 3 ಪಾಯಿಂಟ್) ಹಿಡಿಯುವುದು ಒಂಬತ್ತರ ನಂತರದ ಬೇಸಿಗೆಯಿಂದ ಹನ್ನೊಂದರ ನಂತರದ ಬೇಸಿಗೆಯವರೆಗಿನ ಎ-ಜಿ ಪಟ್ಟಿಯ (ಯುಸಿ ಒಪ್ಪುವ ವಿಷಯಗಳ ಪಟ್ಟಿ) ಕೋರ್ಸುಗಳನ್ನು ಮಾತ್ರ. ಎಪಿಯಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡು ಬಂದರೆ ಪ್ರತಿ ಸೆಮಿಸ್ಟರ್‌ಗೆ 1 ಹೆಚ್ಚುವರಿ ಪಾಯಿಂಟ್. ಆದರೆ ಒಟ್ಟು 8 ಸೆಮಿಸ್ಟರ್‌ಗಿಂತ ಹೆಚ್ಚಿಗೆ ಇಲ್ಲ, ಅದರಲ್ಲೂ ಹತ್ತನೇ ತರಗತಿಯವು 4ನ್ನು ಮೀರುವಂತಿಲ್ಲ.

ಉದಾಹರಣೆಗೆ ಹತ್ತು ಮತ್ತು ಹನ್ನೊಂದರಲ್ಲಿ ಒಟ್ಟು 24 ಸೆಮಿಸ್ಟರ್ ಗ್ರೇಡುಗಳು: 18 ಎ, 6 ಬಿ. ಬರಿಯ ಪಾಯಿಂಟು 72 + 18 = 90, ಭಾಗಿಸಿದರೆ 3.75. ಹತ್ತರಲ್ಲಿ ಒಂದು ಎಪಿ, ಹನ್ನೊಂದರಲ್ಲಿ ನಾಲ್ಕು, ಅಂದರೆ 10 ಎಪಿ ಸೆಮಿಸ್ಟರ್. ಮಿತಿ ಇರುವುದರಿಂದ ಲೆಕ್ಕಕ್ಕೆ ಬರುವುದು 8. ಹಾಗಾಗಿ 98ನ್ನು 24ರಿಂದ ಭಾಗಿಸಿ 4.08. ಹನ್ನೊಂದರಲ್ಲಿ ಐದನೇ ಎಪಿ ಸೇರಿಸಿದರೂ ಈ ಸಂಖ್ಯೆ ಮೇಲೇಳುವುದಿಲ್ಲ. ಆ ಐದನೆಯದರ ಭಾರಕ್ಕೆ ಇನ್ನೊಂದು ವಿಷಯದ ಎರಡೂ ಸೆಮಿಸ್ಟರ್‌ನ ಎ ಜಾರಿ ಬಿ ಆಯಿತು ಅನ್ನಿ, 96/24, ಅಂದರೆ 4.00ಕ್ಕೆ ಬಂದು ನಿಲ್ಲುತ್ತದೆ. ಯುಸಿ ಓದುಗರು ಮಿತಿಯಿಲ್ಲದ ಲೆಕ್ಕವನ್ನೂ, ಕೋರ್ಸುಗಳ ಪಟ್ಟಿಯನ್ನೂ ನೋಡುತ್ತಾರೆ, ಐದನೆಯದು ಪೂರಾ ವ್ಯರ್ಥ ಅಂತಲ್ಲ. ಆದರೆ ಅದಕ್ಕಾಗಿ ಎ ಕಳೆದುಕೊಳ್ಳುವುದು ನಷ್ಟದ ವ್ಯಾಪಾರ.

ಕ್ಯಾಲಿಫೋರ್ನಿಯಾದ ಹೊರಗಿನವರಿಗೆ ಒಂದು ಎಚ್ಚರಿಕೆ: ನಿಮ್ಮ ಶಾಲೆಯ "ಆನರ್ಸ್" ಕೋರ್ಸುಗಳಿಗೆ ಯುಸಿ ಆ ಹೆಚ್ಚುವರಿ ಪಾಯಿಂಟ್ ಕೊಡುವುದಿಲ್ಲ. ಎಪಿಗೆ, ಐಬಿಗೆ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಎಂಬ ಇನ್ನೊಂದು ಪಠ್ಯಕ್ರಮ) ಕೊಡುತ್ತದೆ. ಕನಿಷ್ಠ ಜಿಪಿಎ ರಾಜ್ಯದವರಿಗೆ 3.0, ಹೊರಗಿನವರಿಗೆ 3.4. ಅದು ಬರೀ ಹೊಸ್ತಿಲು, ಒಳಗೆ ಬಿಡುವ ಮಟ್ಟ ಬೇರೆ. ಯುಸಿ ಎಸ್‌ಎಟಿ ಅಂಕವನ್ನು ಪ್ರವೇಶಕ್ಕೆ ನೋಡುವುದನ್ನೇ ಬಿಟ್ಟಿರುವುದರಿಂದ ಕೋರ್ಸು ಮತ್ತು ಗ್ರೇಡುಗಳ ಮೇಲೆ ಬೀಳುವ ಭಾರ ಇನ್ನೂ ಜಾಸ್ತಿಯಾಗಿದೆ.

ಧಾರವಾಡ ಫೇಡೆ
ಟೆಕ್ಸಸ್ ಕಥಿ ಬ್ಯಾರೇನ ಐತ್ರಿ. ಇಲ್ಲಿ ರ‍್ಯಾಂಕ್ ಅನ್ನೂದು ಕಾನೂನಿನ ಮಾತು. 1997ರ ಹೌಸ್ ಬಿಲ್ 588ರ ಪ್ರಕಾರ ಶಾಲಿಯ ಮೊದಲ 10 ಪರ್ಸೆಂಟಿನಾಗ ಇದ್ದವ್ರಿಗೆ ಸರ್ಕಾರಿ ಯೂನಿವರ್ಸಿಟಿಗಳಿಗೆ ನೇರ ಪ್ರವೇಶ. ಯುಟಿ ಆಸ್ಟಿನ್‌ಗೆ (ಆಸ್ಟಿನ್ನಿನ ಟೆಕ್ಸಸ್ ಯೂನಿವರ್ಸಿಟಿಗೆ) ಮಾತ್ರ ಆ ಗೆರಿ ಬಿಗಿ: ಕೆಲವು ವರ್ಷ 6 ಪರ್ಸೆಂಟ್ ಇತ್ತು, 2026ರ ಫಾಲ್‌ನಿಂದ (ಆಗಸ್ಟಿನ ಸುಮಾರಿಗೆ ಶುರುವಾಗೂ ಸೆಮಿಸ್ಟರ್) 5. ನೆನಪಿಡ್ರಿ, ಇದು ಯೂನಿವರ್ಸಿಟಿಗೆ ಪ್ರವೇಶ, ಮೇಜರ್‌ಗೆ ಅಲ್ಲ. ಕಂಪ್ಯೂಟರ್ ಸೈನ್ಸು, ಎಂಜಿನಿಯರಿಂಗ್ ಬೇಕಂದ್ರ ಮತ್ತ ಬ್ಯಾರೆ ಜಗ್ಗಾಟ ಐತಿ.

ರ‍್ಯಾಂಕು ತೂಕದ ಜಿಪಿಎ ಮ್ಯಾಲೆ ನಿಂತಿರತೈತಿ. ಕೆಲವು ಸ್ಕೂಲ್ ಡಿಸ್ಟ್ರಿಕ್ಟಿನಾಗ (ಊರಿನ ಶಾಲಿಗಳನ್ನ ನಡಸೂ ಆಡಳಿತ) ಎಪಿಯ ಎ ಅಂದ್ರ 6.0, ಸಾದಾ ಕೋರ್ಸಿನ ಎ ಅಂದ್ರ 5.0. ಆರು ಎಪಿ ತಗೊಂಡು ಎಲ್ಲಾದ್ರಾಗೂ ಎ ಬಂದ್ರ 36/6, ಸರಿಯಾಗಿ 6.0. ಅದೇ ಹುಡುಗಿ ಏಳನೇದಾಗಿ ಆರ್ಕೆಸ್ಟ್ರಾ ತಗೊಂಡು ಅದ್ರಾಗೂ ಎ ತಂದ್ಲು ಅನ್ರಿ, 41/7, ಅಂದ್ರ 5.857. ಪಿಟೀಲು ಬಾರಿಸಿದ್ದಕ್ಕ ರ‍್ಯಾಂಕ್ ಇಳೀತು! ಇದಕ್ಕ ಮದ್ದು ಡಿಸ್ಟ್ರಿಕ್ಟಿನ ಕೋರ್ಸ್ ಕೈಪಿಡಿಯಾಗ ಐತಿ: ಯಾವ ಕೋರ್ಸು ರ‍್ಯಾಂಕಿನ ಲೆಕ್ಕಕ್ಕ ಬರತಾವ, ಯಾವು ಬರೂದಿಲ್ಲ ಅಂತ ಬರದಿರತಾರ. ಫಾರಂ ತುಂಬೂಕಿಂತ ಮೊದಲ ಅದನ್ನ ಓದ್ರಿ.

ಕ್ರೆಡಿಟ್ ವಿಷಯದಾಗ ಟೆಕ್ಸಸ್ ಉದಾರ. 2015ರ ಕಾನೂನಿನ ಪ್ರಕಾರ ಸರ್ಕಾರಿ ಕಾಲೇಜು 3 ಅಂಕಕ್ಕನ ಕ್ರೆಡಿಟ್ ಕೊಡಬೇಕು. 4 ಅಥವಾ 5 ಬೇಕಂತ ಕೇಳೂದಾದ್ರ 3 ಬಂದವ್ರು ಮುಂದಿನ ಕೋರ್ಸಿನಾಗ ಏಗೂದಿಲ್ಲ ಅನ್ನೂದಕ್ಕ ಪುರಾವೆ ಇರಬೇಕು. ಇಲಿನಾಯ್ ರಾಜ್ಯದಾಗೂ ಇಂಥಾದ್ದ ಕಾನೂನು ಐತಿ. ಆದ್ರ ಯುಟಿ ಆಸ್ಟಿನ್‌ನಾಗ ಅಂಕ ಕಳಿಸಿದ ಮಾತ್ರಕ್ಕ ಕ್ರೆಡಿಟ್ ತಾನ ಬಂದು ಬೀಳೂದಿಲ್ಲ, ನೀವ ಕ್ಲೇಮ್ ಮಾಡಬೇಕು. ಅವಸರ ಮಾಡಬ್ಯಾಡ್ರಿ. ಓರಿಯಂಟೇಶನ್‌ನಾಗ ಅಡ್ವೈಸರ್ ಜೋಡಿ ಕುಂತು ಯಾವುದು ನಿಮ್ಮ ಡಿಗ್ರಿಗೆ ಬೇಕು ನೋಡಿ ಆಮ್ಯಾಲೆ ಕ್ಲೇಮ್ ಮಾಡ್ರಿ.

ಲೆಕ್ಕದ ಮೇಷ್ಟ್ರು
ಎಂಜಿನಿಯರಿಂಗ್ ಕಡೆ ಹೋಗುವವರಿಗೆ ಎಲ್ಲ ಎಪಿಗಳ ಬೆಲೆಯೂ ಒಂದೇ ಅಲ್ಲ. ಮೂರು ಕಡೆ ತಪ್ಪು ಆಯ್ಕೆ ಆಗುವುದನ್ನು ಮತ್ತೆ ಮತ್ತೆ ನೋಡುತ್ತೇವೆ.

ಒಂದು, ಫಿಸಿಕ್ಸ್. ಫಿಸಿಕ್ಸ್ 1 ಮತ್ತು 2 ಬೀಜಗಣಿತದ ಮಟ್ಟದವು. ಎಂಜಿನಿಯರಿಂಗ್ ವಿಭಾಗಗಳು ಕೇಳುವುದು ಕ್ಯಾಲ್ಕುಲಸ್ ಆಧಾರದ ಫಿಸಿಕ್ಸ್, ಅದಕ್ಕೆ ಸಾಟಿಯಾದದ್ದು ಫಿಸಿಕ್ಸ್ ಸಿ. ಫಿಸಿಕ್ಸ್ 1ರಲ್ಲಿ 5 ಬಂದರೂ ಬಹಳಷ್ಟು ಕಡೆ ಅದು ಬರೀ ಐಚ್ಛಿಕ ಕ್ರೆಡಿಟ್ ಆಗಿ ಮೂಲೆ ಸೇರುತ್ತದೆ, ಮೇಜರ್‌ಗೆ ಬೇಕಾದ ಕೋರ್ಸನ್ನು ತಪ್ಪಿಸುವುದಿಲ್ಲ. ಫಿಸಿಕ್ಸ್ ಸಿ ಎಂದರೆ ಎರಡು ಬೇರೆ ಪರೀಕ್ಷೆಗಳು: ಮೆಕ್ಯಾನಿಕ್ಸ್ ಒಂದು, ವಿದ್ಯುತ್ ಮತ್ತು ಕಾಂತತ್ವ ಇನ್ನೊಂದು. 2025ರಿಂದ ಪ್ರತಿಯೊಂದೂ ಮೂರು ಗಂಟೆಯದು, 40 ಬಹು ಆಯ್ಕೆ ಪ್ರಶ್ನೆ, 4 ಬರೆಯುವ ಪ್ರಶ್ನೆ. ಹಳೆಯ ಒಂದೂವರೆ ಗಂಟೆಯ ಮಾದರಿ ಪತ್ರಿಕೆಗಳಿಂದ ಸಮಯದ ಅಭ್ಯಾಸ ಮಾಡಿಸಿದರೆ ಲೆಕ್ಕ ತಪ್ಪುತ್ತದೆ.

ಎರಡು, ಕ್ಯಾಲ್ಕುಲಸ್ ಎಬಿ ಮತ್ತು ಬಿಸಿ. ಎಬಿ ಸುಮಾರಾಗಿ ಕಾಲೇಜಿನ ಮೊದಲ ಸೆಮಿಸ್ಟರ್‌ನ ಪಾಠ, ಬಿಸಿ ಮೊದಲೆರಡು ಸೆಮಿಸ್ಟರ್‌ನದ್ದು. ಬಿಸಿ ಬರೆದವರಿಗೆ ಎಬಿ ಭಾಗದ ಉಪ ಅಂಕವೂ ಬರುತ್ತದೆ. ಬಿಸಿಯಲ್ಲಿ 3 ಬಂದು ಎಬಿ ಭಾಗದಲ್ಲಿ 4 ಇದ್ದರೆ ಕೆಲವು ಕಾಲೇಜುಗಳು ಮೊದಲ ಕ್ಯಾಲ್ಕುಲಸ್‌ಗೆ ಕ್ರೆಡಿಟ್ ಕೊಡುತ್ತವೆ. ಹಾಗಾಗಿ ಬಿಸಿ ಓದುವವರು ಎಬಿ ಪರೀಕ್ಷೆಯನ್ನು ಪ್ರತ್ಯೇಕವಾಗಿ ಬರೆಯುವ ಅಗತ್ಯವಿಲ್ಲ.

ಮೂರು, ಕಂಪ್ಯೂಟರ್. ಕಂಪ್ಯೂಟರ್ ಸೈನ್ಸ್ ಎ ಎಂದರೆ ಜಾವಾದಲ್ಲಿ ಪ್ರೋಗ್ರಾಂ ಬರೆಯುವ ಕೋರ್ಸು. ಪ್ರಿನ್ಸಿಪಲ್ಸ್ ಎಂಬ ಇನ್ನೊಂದು ಪರಿಚಯಾತ್ಮಕವಾದದ್ದು, ಕಂಪ್ಯೂಟರ್ ಮೇಜರ್‌ನಲ್ಲಿ ಅದಕ್ಕೆ ಅಷ್ಟಾಗಿ ಲೆಕ್ಕವಿಲ್ಲ. ಎರಡರಲ್ಲಿ ಒಂದಕ್ಕಷ್ಟೇ ಜಾಗವಿದ್ದರೆ ಎ.

ಇನ್ನು ಕ್ರೆಡಿಟ್ ಸಿಕ್ಕಿತೆಂದು ಕ್ಯಾಲ್ಕುಲಸ್ 3ಕ್ಕೆ ನೇರವಾಗಿ ಜಿಗಿಯಬಹುದೇ? 5 ಬಂದವರು ಸಾಮಾನ್ಯವಾಗಿ ಜಿಗಿಯಬಹುದು, ಆದರೆ ತೂತುಗಳು ಎಲ್ಲಿವೆ ಎಂದು ತಿಳಿದಿರಬೇಕು. ಬಿಸಿಯ ಪಠ್ಯದಲ್ಲಿ ತ್ರಿಕೋನಮಿತಿಯ ಆದೇಶ ಹಾಕಿ ಮಾಡುವ ಅನುಕಲನ ಇಲ್ಲ. ಒಂದು ಅಕ್ಷದ ಸುತ್ತ ತಿರುಗಿಸಿದಾಗ ಸಿಗುವ ಘನಾಕೃತಿಯ ಗಾತ್ರವನ್ನು ಸಿಲಿಂಡರ್ ಚಿಪ್ಪುಗಳಿಂದ ಕಂಡುಹಿಡಿಯುವ ಶೆಲ್ ವಿಧಾನ ಪರೀಕ್ಷೆಯಲ್ಲಿ ಬರುವುದಿಲ್ಲ. ಹೈಪರ್‌ಬೋಲಿಕ್ ಫಲನಗಳೂ ಇಲ್ಲ. ಪಾರ್ಷಿಯಲ್ ಫ್ರ್ಯಾಕ್ಷನ್ ಇದೆ, ಆದರೆ ಪುನರಾವರ್ತನೆಯಾಗದ ಸರಳ ಅಪವರ್ತನಗಳದ್ದು ಮಾತ್ರ. ಈ ನಾಲ್ಕನ್ನು ಬೇಸಿಗೆಯಲ್ಲಿ ಎರಡು ವಾರ ಕೂತು ಕಲಿತರೆ ಸಾಕು. ಕಲಿಯದೆ ಹೋದವರು ಡಿಫರೆನ್ಷಿಯಲ್ ಈಕ್ವೇಶನ್ಸ್ ಕ್ಲಾಸಿನ ಎರಡನೇ ವಾರದಲ್ಲೇ ತಡವರಿಸುತ್ತಾರೆ, ತಪ್ಪೆಲ್ಲ ಎಪಿಯ ತಲೆಗೆ ಬರುತ್ತದೆ. 3 ಅಂಕಕ್ಕೆ ಕ್ರೆಡಿಟ್ ಸಿಕ್ಕವರಿಗೆ ನನ್ನ ಮಾತು ಇಷ್ಟೇ: ಕಾಲೇಜಿನ ಕ್ಯಾಲ್ಕುಲಸ್ 2ರ ಹಳೆಯ ಅಂತಿಮ ಪರೀಕ್ಷೆಯೊಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಅರ್ಧವೂ ಆಗದಿದ್ದರೆ ಜಿಗಿಯಬೇಡಿ.

ತುಂಗಾತೀರ
ಮೇಷ್ಟ್ರೇ, ಹಾಗಾದರೆ ಕ್ರೆಡಿಟ್ ಬಿಟ್ಟುಕೊಟ್ಟು ಅದೇ ಕೋರ್ಸನ್ನು ಮತ್ತೆ ಓದಬಹುದಾ? ಅದರಿಂದ ಏನಾದರೂ ತೊಂದರೆ?

ಲೆಕ್ಕದ ಮೇಷ್ಟ್ರು
ಓದಬಹುದು. ಯುಸಿಯಂಥ ಕಡೆ ಎಪಿಯಿಂದ ಬಂದ ಕೋರ್ಸಿಗೆ ಸಮನಾದದ್ದನ್ನೇ ಕಾಲೇಜಿನಲ್ಲಿ ಮತ್ತೆ ಓದಿದರೆ ಎಪಿಯ ಯೂನಿಟ್‌ಗಳು ಹೋಗುತ್ತವೆ, ಎರಡೂ ಕಡೆಯ ಲಾಭ ಸಿಗುವುದಿಲ್ಲ. ಅದು ದೊಡ್ಡ ನಷ್ಟವೇನಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ಗಟ್ಟಿ ಎ ಬರುವುದಕ್ಕೂ ಬೆಲೆ ಇದೆ.

ಹಾಳೆಪುಸ್ತಕ
ಇಲ್ಲಿ ಇನ್ನೊಂದು ಗೊಂದಲವಿದೆ. ಕ್ರೆಡಿಟ್ ಬೇರೆ, ಪ್ಲೇಸ್‌ಮೆಂಟ್ ಬೇರೆ. ಕ್ರೆಡಿಟ್ ಎಂದರೆ ಡಿಗ್ರಿಗೆ ಬೇಕಾದ 120ರಲ್ಲಿ 3 ಅಥವಾ 4 ಕಳೆಯುತ್ತದೆ. ಪ್ಲೇಸ್‌ಮೆಂಟ್ ಎಂದರೆ ಮುಂದಿನ ಕ್ಲಾಸಿಗೆ ಕೂರಬಹುದು, ಆದರೆ 120 ಹಾಗೇ ಇರುತ್ತದೆ. ಬ್ರೌನ್ ಯೂನಿವರ್ಸಿಟಿ ಎಪಿಯನ್ನು ಪ್ಲೇಸ್‌ಮೆಂಟ್‌ಗೆ ಬಳಸುತ್ತದೆ, ಡಿಗ್ರಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಾರ್ಟ್‌ಮತ್ 2014ರಲ್ಲಿ ಸೇರಿದ ತಂಡದಿಂದ ಎಪಿಗೆ ಕ್ರೆಡಿಟ್ ನಿಲ್ಲಿಸಿತು. ಕ್ಯಾಲ್‌ಟೆಕ್ ಕೊಡುವುದೇ ಇಲ್ಲ. ಎಂಐಟಿಯಲ್ಲಿ ಕ್ಯಾಲ್ಕುಲಸ್ ಬಿಸಿಯಲ್ಲಿ 5 ಬಂದರೆ ಮೊದಲ ಕ್ಯಾಲ್ಕುಲಸ್ ಕೋರ್ಸು 18.01ಕ್ಕೆ ಕ್ರೆಡಿಟ್, ಫಿಸಿಕ್ಸ್ ಸಿಯ ಎರಡರಲ್ಲೂ 5 ಬಂದರೆ ಮೊದಲ ಫಿಸಿಕ್ಸ್ ಕೋರ್ಸು 8.01ಕ್ಕೆ. ಕೆಮಿಸ್ಟ್ರಿಗೆ ಎಪಿ ನಡೆಯದು, ಅವರದೇ ಪರೀಕ್ಷೆ ಬರೆಯಬೇಕು. ವಿಚಿತ್ರ ಏನೆಂದರೆ, ಪ್ರವೇಶಕ್ಕೆ ಅತಿ ಕಠಿಣ ಕೋರ್ಸುಗಳನ್ನು ಬಯಸುವ ಕಾಲೇಜುಗಳೇ ಕ್ರೆಡಿಟ್ ಕೊಡುವಾಗ ಕೈ ಬಿಗಿ ಹಿಡಿಯುತ್ತವೆ. ರಾಜ್ಯದ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಧಾರಾಳಿಗಳು. ಹೀಗಾಗಿ ಕ್ರೆಡಿಟ್‌ಗಾಗಿ ಎಪಿ ಎನ್ನುವವರ ಕಾಲೇಜು ಪಟ್ಟಿಯಲ್ಲಿ ಬರೀ ಐವಿ ಲೀಗ್ ಹೆಸರುಗಳಿದ್ದರೆ ಅದು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗುತ್ತದೆ.

ಇನ್ನೂ ಒಂದು: ಒಂದೇ ಯೂನಿವರ್ಸಿಟಿಯೊಳಗೂ ಎಂಜಿನಿಯರಿಂಗ್ ವಿಭಾಗಕ್ಕೊಂದು ನಿಯಮ, ಕಲಾ ವಿಭಾಗಕ್ಕೊಂದು ನಿಯಮ ಇರಬಹುದು. ಯೂನಿವರ್ಸಿಟಿಯ ಸಾಮಾನ್ಯ ಕೋಷ್ಟಕ ನೋಡಿ ನಿಲ್ಲಿಸಬೇಡಿ, ವಿಭಾಗದ ಪುಟವನ್ನೂ ನೋಡಿ. ಕೋಷ್ಟಕದಲ್ಲಿ ಕೋರ್ಸಿನ ಸಂಖ್ಯೆ ಇದ್ದರೆ ನಿಜವಾದ ಲಾಭ. "ಐಚ್ಛಿಕ" ಅಥವಾ "ಸಾಮಾನ್ಯ ಕ್ರೆಡಿಟ್" ಎಂದಿದ್ದರೆ ಎಂಜಿನಿಯರಿಂಗ್‌ನವರಿಗೆ ಹೆಚ್ಚಿನ ಉಪಯೋಗವಿಲ್ಲ.

ಎರಡನೇ ಡಿಕಾಕ್ಷನ್
ಮೂರು ವರ್ಷದ ಡಿಗ್ರಿ ಬಗ್ಗೆ ಯಾರೂ ಮಾತಾಡಿಲ್ಲ, ನಾನೇ ಹೇಳುತ್ತೇನೆ. 120 ಕ್ರೆಡಿಟ್‌ನಲ್ಲಿ 30 ಎಪಿಯಿಂದ ಬಂತು, ಉಳಿದದ್ದು 90, ಸೆಮಿಸ್ಟರ್‌ಗೆ 15ರಂತೆ ಆರು ಸೆಮಿಸ್ಟರ್. ಕಾಗದದ ಮೇಲೆ ಸರಿ. ಇತಿಹಾಸ, ಅರ್ಥಶಾಸ್ತ್ರ, ರಾಜಕೀಯ ಶಾಸ್ತ್ರದಂಥ ಮೇಜರ್‌ಗಳಲ್ಲಿ ಬಹಳ ಸಲ ನಿಜವೂ ಹೌದು. ಎಂಜಿನಿಯರಿಂಗ್‌ನಲ್ಲಿ ಕೋರ್ಸುಗಳು ಸರಪಳಿಯ ಹಾಗೆ. ಮೆಕ್ಯಾನಿಕಲ್ ತೆಗೆದುಕೊಳ್ಳಿ: ಫಿಸಿಕ್ಸ್ ಆದ ಮೇಲೆ ಸ್ಟ್ಯಾಟಿಕ್ಸ್, ಅದಾದ ಮೇಲೆ ಡೈನಾಮಿಕ್ಸ್ ಮತ್ತು ಮೆಟೀರಿಯಲ್ಸ್, ಅದಾದ ಮೇಲೆ ಡಿಸೈನ್, ಕೊನೆಗೆ ಎರಡು ಸೆಮಿಸ್ಟರ್‌ನ ಅಂತಿಮ ಪ್ರಾಜೆಕ್ಟ್. ಇವುಗಳಲ್ಲಿ ಕೆಲವು ಫಾಲ್‌ನಲ್ಲಿ ಮಾತ್ರ ನಡೆಯುತ್ತವೆ. ಬಿಸಿ ಮತ್ತು ಫಿಸಿಕ್ಸ್ ಸಿ ಕ್ರೆಡಿಟ್ ಈ ಸರಪಳಿಯ ಮೊದಲ ಕೊಂಡಿಯನ್ನು ತೆಗೆಯುತ್ತದೆ. ಆದ್ದರಿಂದ ಉಳಿಯುವುದು ಹೆಚ್ಚೆಂದರೆ ಒಂದು ಸೆಮಿಸ್ಟರ್. ಎಪಿ ಸೈಕಾಲಜಿ, ಹ್ಯೂಮನ್ ಜಿಯಾಗ್ರಫಿ ಎಷ್ಟೇ ಸೇರಿಸಿದರೂ ಸರಪಳಿ ಒಂದಿಂಚೂ ಗಿಡ್ಡವಾಗುವುದಿಲ್ಲ.

ಹಾಗೆಂದು ಲಾಭವೇ ಇಲ್ಲ ಅಂತಲ್ಲ. ಅನೇಕ ಯೂನಿವರ್ಸಿಟಿಗಳಲ್ಲಿ ಕೋರ್ಸ್ ನೋಂದಣಿಯ ಸರದಿ ಕೈಯಲ್ಲಿರುವ ಕ್ರೆಡಿಟ್ ಮೇಲೆ ನಿಂತಿರುತ್ತದೆ, 30 ಇದ್ದವರಿಗೆ ಎರಡನೇ ವರ್ಷದವರ ಸರದಿ. ಬೇಡಿಕೆಯ ಕೋರ್ಸಿಗೆ ಜಾಗ ಸಿಗುವುದು ಅಲ್ಲೇ. ಇಂಗ್ಲಿಷ್ ಲ್ಯಾಂಗ್ವೇಜ್ ಎಪಿಯಿಂದ ಮೊದಲ ವರ್ಷದ ಕಡ್ಡಾಯ ಬರವಣಿಗೆ ಕೋರ್ಸು ತಪ್ಪಿದರೆ ಆ ಜಾಗದಲ್ಲಿ ಮೈನರ್ (ಉಪವಿಷಯ) ಮಾಡಬಹುದು, ಅಥವಾ ಕಷ್ಟದ ಸೆಮಿಸ್ಟರ್‌ನಲ್ಲಿ 12 ಕ್ರೆಡಿಟ್ ಇಟ್ಟುಕೊಂಡು ಉಸಿರಾಡಬಹುದು. ಆದರೆ 12ಕ್ಕಿಂತ ಕೆಳಗಿಳಿದರೆ ಪೂರ್ಣಾವಧಿ ವಿದ್ಯಾರ್ಥಿ ಅಲ್ಲ, ಸ್ಕಾಲರ್‌ಶಿಪ್ಪಿಗೂ ಕುತ್ತು.

ಐಬಿಯ ಬಗ್ಗೆ ಒಂದೇ ಮಾತು: ಪ್ರವೇಶಕ್ಕೆ ಎರಡೂ ಸಮ. ಕ್ರೆಡಿಟ್ ಸಾಮಾನ್ಯವಾಗಿ ಹೈಯರ್ ಲೆವೆಲ್ ವಿಷಯಗಳಿಗೆ ಮಾತ್ರ. ಯುಸಿಯಾದರೆ 30 ಅಥವಾ ಅದಕ್ಕಿಂತ ಹೆಚ್ಚಿನ ಅಂಕದ ಪೂರ್ತಿ ಡಿಪ್ಲೊಮಾಗೆ ಒಟ್ಟಾಗಿ 30 ಕ್ವಾರ್ಟರ್ ಯೂನಿಟ್ ಕೊಡುತ್ತದೆ.

ಧಾರವಾಡ ಫೇಡೆ
ಡಿಕಾಕ್ಷನ್ ಸರ್, ನೀವು ಕಮ್ಯುನಿಟಿ ಕಾಲೇಜಿನ ಪರ ಇದ್ದವ್ರು. ಅದನ್ನೂ ಬರೀರಿ.

ಎರಡನೇ ಡಿಕಾಕ್ಷನ್
ಈಗಲೂ ಪರವೇ, ಆದರೆ ಕಣ್ಣು ಮುಚ್ಚಿ ಅಲ್ಲ. ಡ್ಯುಯಲ್ ಎನ್‌ರೋಲ್‌ಮೆಂಟ್‌ನ (ಹೈಸ್ಕೂಲಿನಲ್ಲಿದ್ದೇ ಕಾಲೇಜಿನ ಕ್ಲಾಸು ಓದುವುದರ) ದೊಡ್ಡ ಗುಣ, ಒಂದು ದಿನದ ಪರೀಕ್ಷೆಯ ಮೇಲೆ ಎಲ್ಲವೂ ನಿಲ್ಲುವುದಿಲ್ಲ. ಸಿ ಅಥವಾ ಮೇಲೆ ಬಂದರೆ ಕ್ರೆಡಿಟ್ ಕೈಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 2015ರ ಎಬಿ 288 ಕಾನೂನಿನಡಿ ಶಾಲೆ ಮತ್ತು ಕಾಲೇಜಿನ ನಡುವೆ ಒಪ್ಪಂದ ಇದ್ದರೆ ಶುಲ್ಕವೂ ಇಲ್ಲ. ವಾಷಿಂಗ್ಟನ್ ರಾಜ್ಯದ ರನ್ನಿಂಗ್ ಸ್ಟಾರ್ಟ್ ಎಂಬ ಇಂಥದ್ದೇ ಯೋಜನೆ 1990ರಿಂದ ಇದೆ, ಹನ್ನೊಂದು ಮತ್ತು ಹನ್ನೆರಡನೆಯವರಿಗೆ ಬೋಧನಾ ಶುಲ್ಕ ಇಲ್ಲ, ಪುಸ್ತಕ ಮತ್ತು ಓಡಾಟದ ಖರ್ಚು ನಮ್ಮದು. ಮಿನೆಸೋಟಾದ ಪಿಎಸ್‌ಇಒ ಇನ್ನೂ ಹಳೆಯದು, 1985ರದ್ದು. ಹೈಸ್ಕೂಲ್ ಮುಗಿಯುವ ಮೊದಲು ತೆಗೆದುಕೊಂಡ ಕ್ರೆಡಿಟ್ ಎಷ್ಟೇ ಇದ್ದರೂ ಯುಸಿಯಲ್ಲಿ ಅರ್ಜಿ ಫ್ರೆಶ್‌ಮನ್ ಆಗಿಯೇ ಹೋಗುತ್ತದೆ, ಟ್ರಾನ್ಸ್‌ಫರ್ ಆಗುವ ಭಯ ಬೇಡ.

ಎಡವುವುದು ಎಲ್ಲಿ? ಹೈಸ್ಕೂಲಿನ ಒಂದು ವರ್ಷದ ಪಾಠ ಅಲ್ಲಿ 16–18 ವಾರಕ್ಕೆ ಮುಗಿಯುತ್ತದೆ. ಮೊದಲ ಪರೀಕ್ಷೆ ಕೈಕೊಟ್ಟಾಗ ಡ್ರಾಪ್ ಮಾಡುವ ದಿನಾಂಕ ದಾಟಿರುತ್ತದೆ, ಆಮೇಲೆ ಡಬ್ಲ್ಯೂ (ನಡುವೆ ಬಿಟ್ಟದ್ದರ ಗುರುತು) ಇಲ್ಲವೇ ಕೆಟ್ಟ ಗ್ರೇಡು, ಎರಡೇ ದಾರಿ. ಅದು ಕಾಲೇಜಿನ ಶಾಶ್ವತ ದಾಖಲೆ. ಮುಂದೆ ಎಲ್ಲ ಅರ್ಜಿಗಳಲ್ಲೂ ತೋರಿಸಲೇಬೇಕು. ಎಪಿಯಲ್ಲಿ 2 ಬಂದರೆ ಕಾಮನ್ ಆ್ಯಪ್‌ನಲ್ಲಿ ಹೇಳದೆ ಬಿಡಬಹುದು, ಇಲ್ಲಿ ಬಿಡುವಂತಿಲ್ಲ. ಎರಡನೆಯದು, ಖಾಸಗಿ ಕಾಲೇಜುಗಳಲ್ಲಿ ಹಲವು, ಹೈಸ್ಕೂಲ್ ಡಿಪ್ಲೊಮಾಗೆ ಬಳಸಿಕೊಂಡ ಕೋರ್ಸಿಗೆ ಅಥವಾ ಹೈಸ್ಕೂಲ್ ಕಟ್ಟಡದಲ್ಲೇ ನಡೆದ ಕೋರ್ಸಿಗೆ ಕ್ರೆಡಿಟ್ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾದ ಒಳಗಿನ ವಿನಿಮಯಕ್ಕೆ ಅಸಿಸ್ಟ್ ಎಂಬ ಸರ್ಕಾರಿ ತಾಣವಿದೆ. ಕಮ್ಯುನಿಟಿ ಕಾಲೇಜು, ಸೇರಬೇಕೆಂದಿರುವ ಯುಸಿ, ಮೇಜರ್ ಮೂರನ್ನೂ ಹಾಕಿದರೆ ಯಾವ ಕೋರ್ಸು ಯಾವುದಕ್ಕೆ ಸಮ ಎಂದು ತೋರಿಸುತ್ತದೆ. ನೋಂದಣಿಗೆ ಮೊದಲೇ ನೋಡಿ, ಆ ಪುಟವನ್ನು ಪ್ರಿಂಟ್ ಹಾಕಿಟ್ಟುಕೊಳ್ಳಿ, ಒಪ್ಪಂದಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

ನನ್ನ ಲೆಕ್ಕದಲ್ಲಿ ಇದರ ಸರಿಯಾದ ಜಾಗ ಶಾಲೆಯ ಏಣಿ ಮುಗಿದ ಮೇಲೆ. ಹನ್ನೊಂದರಲ್ಲಿ ಬಿಸಿ ಮುಗಿಸಿದವರು ಹನ್ನೆರಡರಲ್ಲಿ ಕ್ಯಾಲ್ಕುಲಸ್ 3 ಅಲ್ಲಿ ಓದಲಿ. ಶಾಲೆಯಲ್ಲೇ ಒಳ್ಳೆಯ ಎಪಿ ಇದ್ದಾಗ ಅದನ್ನು ಬಿಟ್ಟು ಕಾಲೇಜಿನ ಸುಲಭದ ಕ್ಲಾಸಿಗೆ ಓಡಿದರೆ ಅರ್ಜಿ ಓದುವವರಿಗೆ ಅದು ಕಾಣದೇ ಇರದು.

ನೀಲಿ ಶಾಯಿ
ಮೆಡಿಸಿನ್ ಕಡೆ ನೋಡುವವರಿಗೆ ನಿಯಮ ಬಹುತೇಕ ತಿರುಗುಮುರುಗು. ಮೆಡಿಕಲ್ ಸ್ಕೂಲುಗಳು ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್‌ನ ಪೂರ್ವ ಕೋರ್ಸುಗಳಿಗೆ ಎಪಿಯನ್ನು ಒಪ್ಪುವುದರಲ್ಲಿ ಒಂದೊಂದು ಒಂದೊಂದು ರೀತಿ. ಕೆಲವು ಒಪ್ಪುವುದೇ ಇಲ್ಲ. ಕೆಲವು ಒಪ್ಪಿದರೂ ಅದೇ ವಿಷಯದಲ್ಲಿ ಮೇಲಿನ ಮಟ್ಟದ ಕೋರ್ಸು ಲ್ಯಾಬ್ ಸಮೇತ ಕೇಳುತ್ತವೆ. ಒಪ್ಪುವ ಕಡೆಯೂ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ವಿಷಯದ ಹೆಸರು ಮತ್ತು ಕ್ರೆಡಿಟ್ ಸಂಖ್ಯೆ ಬಿಡಿಯಾಗಿ ಇರಬೇಕು. "ಎಪಿ: 24" ಎಂದು ಒಟ್ಟಾಗಿ ಬರೆದಿದ್ದರೆ ರಿಜಿಸ್ಟ್ರಾರ್ ಬಳಿ ಬಿಡಿಸಿ ಬರೆಸಿಕೊಳ್ಳಿ. ಡಿಕಾಕ್ಷನ್ ಅವರ ಮಾತಿಗೆ ಸೇರಿಸುವುದಾದರೆ, ಹೈಸ್ಕೂಲಿನಲ್ಲಿರುವಾಗ ಓದಿದ ಕಮ್ಯುನಿಟಿ ಕಾಲೇಜಿನ ಗ್ರೇಡುಗಳೂ ಮೆಡಿಕಲ್ ಅರ್ಜಿಯ ಜಿಪಿಎಗೆ ಸೇರುತ್ತವೆ. ಹದಿನಾರನೇ ವಯಸ್ಸಿನ ಒಂದು ಸಿ ಇಪ್ಪತ್ತೊಂದಕ್ಕೂ ಬೆನ್ನಿಗಿರುತ್ತದೆ. ಗಣಿತ, ಇಂಗ್ಲಿಷ್, ಸಮಾಜ ವಿಜ್ಞಾನಗಳಲ್ಲಿ ಎಪಿ ಕ್ರೆಡಿಟ್ ಬಳಸಿ, ವಿಜ್ಞಾನವನ್ನು ಕಾಲೇಜಿನಲ್ಲೇ ಓದಿ. ಎಪಿಯಲ್ಲಿ ಕಲಿತದ್ದು ಎ ಬರಲು ಹೇಗೂ ನೆರವಾಗುತ್ತದೆ.

ಇನ್ನೊಂದು ವಿಷಯ. ಕೂಟದ ಕನ್ನಡ ಶಾಲೆಗೆ ಹೋಗುವ ಮಕ್ಕಳ ಬಗ್ಗೆ ಆಗಾಗ ಕೇಳುತ್ತಾರೆ. ಎಪಿಯಲ್ಲಿ ಭಾರತದ ಯಾವ ಭಾಷೆಯೂ ಇಲ್ಲ. ಆದರೆ ಹಲವು ರಾಜ್ಯಗಳು ಕೊಡುವ ಸೀಲ್ ಆಫ್ ಬೈಲಿಟರಸಿ ಎಂಬ, ಎರಡು ಭಾಷೆ ಬಲ್ಲವರೆಂದು ಸಾರುವ ಮುದ್ರೆ ಹೈಸ್ಕೂಲ್ ಡಿಪ್ಲೊಮಾ ಮೇಲೆ ಬೀಳುತ್ತದೆ. ಇದನ್ನು 2011ರ ಕಾನೂನಿನಿಂದ ಮೊದಲು ತಂದದ್ದು ಕ್ಯಾಲಿಫೋರ್ನಿಯಾ. ಆ ಮುದ್ರೆಗೆ ಭಾಷಾಜ್ಞಾನ ತೋರಿಸಲು ಬಳಸುವ ಅವಾಂಟ್ ಸಂಸ್ಥೆಯ ಸ್ಟ್ಯಾಂಪ್ ಪರೀಕ್ಷೆ ಕನ್ನಡದಲ್ಲೂ ಇದೆ, ಬರವಣಿಗೆ ಮತ್ತು ಮಾತು ಎರಡನ್ನು ಅಳೆಯುತ್ತದೆ. ಮಾತು ಸಲೀಸಾಗಿ ಬರುವ ಮಕ್ಕಳು ಎಡವುವುದು ಬರವಣಿಗೆಯಲ್ಲಿ, ಅದರಲ್ಲೂ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದರಲ್ಲಿ. ಒತ್ತಕ್ಷರ ಕೀಲಿಮಣೆಯಲ್ಲಿ ಹೇಗೆ ಮೂಡುತ್ತದೆ ಎಂದು ಒಂದು ತಿಂಗಳು ಮೊದಲೇ ರೂಢಿ ಮಾಡಿಸಿ. ಜಿಪಿಎಗೆ ಹೆಚ್ಚುವರಿ ಪಾಯಿಂಟ್ ಇದರಿಂದ ಬರುವುದಿಲ್ಲ. ಬೇರೆ ಭಾಷೆಯ ಕೋರ್ಸಿನ ಅಗತ್ಯ ತೀರುತ್ತದೋ ಇಲ್ಲವೋ ನಿಮ್ಮ ಡಿಸ್ಟ್ರಿಕ್ಟನ್ನು ಕೇಳಿ.

ಜಯನಗರ ನಾಲ್ಕನೇ ಬ್ಲಾಕ್
ಬೆಂಗಳೂರಿನಿಂದ ಕೇಳುತ್ತಿದ್ದೇನೆ. ಪಿಯುಸಿ ಓದುತ್ತಾ ಅಮೆರಿಕಕ್ಕೆ ಅರ್ಜಿ ಹಾಕುವ ಮಕ್ಕಳು ಎಪಿ ಬರೆಯಲೇಬೇಕಾ? ಕೋಚಿಂಗ್‌ನವರು ನಾಲ್ಕು ಬರೆಯಿರಿ ಎನ್ನುತ್ತಿದ್ದಾರೆ.

ಹಾಳೆಪುಸ್ತಕ
ಬರೆಯಲೇಬೇಕು ಅಂತ ಇಲ್ಲ. ಮೇಲೆ ಹೇಳಿದ ತಕ್ಕಡಿಯೇ ಇಲ್ಲಿಗೂ: ನಿಮ್ಮ ಶಾಲೆಯಲ್ಲಿ ಎಪಿ ಇಲ್ಲದಿದ್ದರೆ ಅದನ್ನು ಯಾರೂ ಕೊರತೆ ಎಂದು ಎಣಿಸುವುದಿಲ್ಲ. ಕೋರ್ಸಿಲ್ಲದೆ ಪರೀಕ್ಷೆ ಮಾತ್ರ ಬರೆಯಲು ಅವಕಾಶವಿದೆ. ಪರೀಕ್ಷೆ ನಡೆಸುವ ಶಾಲೆ ಅಥವಾ ಕೇಂದ್ರದಲ್ಲಿ ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲೇ ನೋಂದಾಯಿಸಬೇಕು. ಅಮೆರಿಕದೊಳಗಿನ ಶುಲ್ಕ ಸುಮಾರು 100 ಡಾಲರ್, ಹೊರಗೆ ಇನ್ನೂ ಹೆಚ್ಚು. ನಾಲ್ಕೆಂದರೆ ಮೊತ್ತ ನೀವೇ ಗುಣಿಸಿ. ಪ್ರವೇಶಕ್ಕೆ ಉಪಯೋಗ ಆಗಬೇಕಾದರೆ ಮೊದಲ ಪಿಯು ಮುಗಿದ ಮೇನಲ್ಲೇ ಬರೆದಿರಬೇಕು. ಎರಡನೇ ಪಿಯುನಲ್ಲಿ ಬರೆದರೆ ಏಪ್ರಿಲ್‌ನ ಸಿಇಟಿ ಮತ್ತು ಮೇ ಮೊದಲ ಭಾನುವಾರದ ಆಸುಪಾಸಿನ ನೀಟ್ ಜೊತೆಗೇ ತಳುಕು ಬೀಳುತ್ತದೆ. ಬರೆಯುವುದಾದರೆ ಪಿಯು ಪಿಸಿಎಂ ಓದಿಗೆ ಹತ್ತಿರದ ಎರಡು ಸಾಕು: ಕ್ಯಾಲ್ಕುಲಸ್ ಬಿಸಿ, ಫಿಸಿಕ್ಸ್ ಸಿ ಮೆಕ್ಯಾನಿಕ್ಸ್.

ಇಂಗ್ಲೆಂಡಿನ ಲೆಕ್ಕ ಬೇರೆ. ಅಮೆರಿಕದ ಹೈಸ್ಕೂಲ್ ಡಿಪ್ಲೊಮಾ ಮಾತ್ರ ಇರುವವರಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಎಪಿ ಅಂಕವೇ ಪ್ರವೇಶದ ಷರತ್ತು, ಕೇಂಬ್ರಿಡ್ಜ್ ಸಾಮಾನ್ಯವಾಗಿ ಐದು ವಿಷಯಗಳಲ್ಲಿ 5 ಕೇಳುತ್ತದೆ. ಅಲ್ಲಿ ಹನ್ನೆರಡರ ಮೇ ಪರೀಕ್ಷೆ ಸೀಟನ್ನೇ ನಿರ್ಧರಿಸಬಹುದು.

ತುಂಗಾತೀರ
ಬಹಳ ಉಪಕಾರವಾಯಿತು. ಪರೀಕ್ಷೆಯ ಕಾಗದಪತ್ರ, ಗಡುವುಗಳಲ್ಲಿ ಏನೇನು ತಪ್ಪುತ್ತದೆ? ಹಾಗೇ, ಅಂಕ ಉಚಿತವಾಗಿ ಕಳಿಸುವ ದಿನ ತಪ್ಪಿದರೆ?

ಲೆಕ್ಕದ ಮೇಷ್ಟ್ರು
ಸೆಪ್ಟೆಂಬರ್‌ನಲ್ಲಿ ಮೇಷ್ಟ್ರು ಜಾಯಿನ್ ಕೋಡ್ ಕೊಡುತ್ತಾರೆ. ಅದನ್ನು ಮೈ ಎಪಿ ಖಾತೆಯಲ್ಲಿ ಹಾಕಿದರೆ ಕ್ಲಾಸಿಗೆ ಸೇರಿದ ಹಾಗೆ, ಪರೀಕ್ಷೆಗೆ ಸೇರಿದ ಹಾಗಲ್ಲ. ಪರೀಕ್ಷೆ ಬರೆಯುತ್ತೇನೆ ಎಂದು ಬೇರೆಯಾಗಿ ಒಪ್ಪಿ, ಶಾಲೆಗೆ ದುಡ್ಡು ಕಟ್ಟಬೇಕು. ಶಾಲೆ ಆರ್ಡರ್ ಹಾಕುವ ಕೊನೆ ದಿನ ನವೆಂಬರ್ ಮಧ್ಯ, ಆದರೆ ಶಾಲೆಗಳು ತಮ್ಮ ಗಡುವನ್ನು ಇನ್ನೂ ಮೊದಲೇ ಇಟ್ಟಿರುತ್ತವೆ. ತಡವಾದರೆ ದಂಡ. ಒಬ್ಬ ವಿದ್ಯಾರ್ಥಿಗೆ ಒಂದೇ ಕಾಲೇಜ್ ಬೋರ್ಡ್ ಖಾತೆ ಇರಬೇಕು. ಎಸ್‌ಎಟಿಗೊಂದು, ಎಪಿಗೊಂದು ಎಂದು ಎರಡು ಇಮೇಲ್‌ನಲ್ಲಿ ತೆರೆದರೆ ಜುಲೈನಲ್ಲಿ ಅಂಕ ಕಾಣೆಯಾಗುವುದು ಅಲ್ಲೇ.

2025ರಿಂದ 28 ವಿಷಯಗಳು ಬ್ಲೂಬುಕ್ ಆ್ಯಪ್‌ಗೆ ಹೋಗಿವೆ. 16 ಪೂರ್ತಿ ಕಂಪ್ಯೂಟರಿನಲ್ಲೇ. ಉಳಿದ 12ರಲ್ಲಿ, ಅಂದರೆ ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ ಥರದವುಗಳಲ್ಲಿ, ಬಹು ಆಯ್ಕೆ ಪ್ರಶ್ನೆಗೆ ಪರದೆ, ಬರೆಯುವ ಉತ್ತರಕ್ಕೆ ಕಾಗದದ ಪುಸ್ತಿಕೆ. ಪ್ರಶ್ನೆ ಪರದೆಯಲ್ಲಿ, ಉತ್ತರ ಕೈಬರಹದಲ್ಲಿ. ಹಾಗಾಗಿ ಪ್ರಶ್ನೆಯ ಸಂಖ್ಯೆಗೆ ಸರಿಯಾದ ಪುಟದಲ್ಲೇ ಬರೆಯುವುದು ಮುಖ್ಯ. ನಡುವೆ ಇಂಟರ್ನೆಟ್ ಹೋದರೂ ಗಾಬರಿ ಬೇಡ, ಉತ್ತರ ಯಂತ್ರದಲ್ಲೇ ಉಳಿಯುತ್ತದೆ. ಕೊನೆಯಲ್ಲಿ ಅದು ಸಲ್ಲಿಕೆಯಾಗಿದೆ ಎಂಬ ಸಂದೇಶ ಕಾಣುವವರೆಗೆ ಲ್ಯಾಪ್‌ಟಾಪ್ ಮುಚ್ಚಬಾರದು.

ವರ್ಷಕ್ಕೊಂದು ಕಾಲೇಜಿಗೆ ಅಂಕ ಉಚಿತವಾಗಿ ಕಳಿಸಬಹುದು, ಗಡುವು ಜೂನ್ 20. ಹನ್ನೊಂದರವರೆಗೆ ಇದನ್ನು ಬಳಸದೆ ಬಿಟ್ಟರೂ ನಡೆಯುತ್ತದೆ, ಅರ್ಜಿಯಲ್ಲಿ ಅಂಕ ನಾವೇ ಬರೆಯುವುದು. ಹನ್ನೆರಡರಲ್ಲಿ ಸೇರುವ ಕಾಲೇಜಿನ ಹೆಸರು ಹಾಕಿದರೆ ಹಿಂದಿನ ಎಲ್ಲ ವರ್ಷಗಳ ಅಂಕವೂ ಒಟ್ಟಿಗೆ ಹೋಗುತ್ತದೆ. ಗಡುವು ತಪ್ಪಿದರೆ ಪ್ರತಿ ಕಾಲೇಜಿಗೆ 15 ಡಾಲರ್ ಕಟ್ಟಿ ಆನ್‌ಲೈನ್‌ನಲ್ಲೇ ಕಳಿಸಬಹುದು. ಯಾವುದಾದರೂ ಅಂಕ ಹೋಗಬಾರದು ಎಂದಿದ್ದರೆ ತಡೆಹಿಡಿಯುವ ಅಥವಾ ರದ್ದು ಮಾಡುವ ಅರ್ಜಿ ಜೂನ್ 15ರೊಳಗೆ ತಲುಪಬೇಕು, ರದ್ದು ಮಾಡಿದ್ದು ಮತ್ತೆ ಬಾರದು. ಯುಸಿಗೆ ಸೇರುವವರ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಜುಲೈ 1ರೊಳಗೆ, ಎಪಿ ಅಂಕ ಜುಲೈ 15ರೊಳಗೆ ತಲುಪಿರಬೇಕು. ಆಮೇಲೆ ಓರಿಯಂಟೇಶನ್‌ಗೆ ಹೋಗುವಾಗ ಅಂಕಪಟ್ಟಿಯ ಪ್ರತಿ ಕೈಯಲ್ಲಿರಲಿ. ಆ ಹೊತ್ತಿಗೆ ರಿಜಿಸ್ಟ್ರಾರ್ ದಾಖಲೆಯಲ್ಲಿ ಅಂಕ ಏರಿರದಿದ್ದರೆ ಅಡ್ವೈಸರ್ ಆ ಪ್ರತಿ ನೋಡಿ ಕ್ಯಾಲ್ಕುಲಸ್ 3ಕ್ಕೆ ಅನುಮತಿ ಕೊಡುವುದುಂಟು.